ಹಳೆಯ ಫಿಯಟ್‌ಗೆ ಮನೆಯಂಗಳದಲ್ಲಿ ಬಣ್ಣ



ನಮ್ಮ ಊರುಗಳ ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ ಹಳೆಯ ಫಿಯಟ್ ಕಾರೊಂದು ನಿಂತಿರುತ್ತದೆ. ಅಪ್ಪನೋ ಅಜ್ಜನೋ ಕೊಂಡದ್ದು. ಮಾರಲು ಮನಸ್ಸಿಲ್ಲ, ಓಡಿಸುವ ಸ್ಥಿತಿಯಲ್ಲೂ ಇಲ್ಲ. ಮನೆಯ ಯಾರೋ ಒಬ್ಬರು ಒಂದು ದಿನ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ನಿಶ್ಚಯ ಮಾಡುತ್ತಾರೆ. ಎಂಜಿನ್ ಬಿಚ್ಚಿ ಜೋಡಿಸಲು ಹಿರಿಯ ಮೆಕ್ಯಾನಿಕ್ಕುಗಳು ಇನ್ನೂ ಸಿಗುತ್ತಾರೆ. ಬ್ರೇಕು, ವೈರಿಂಗು, ಸೀಟು ಇವಕ್ಕೂ ದಾರಿ ಇದೆ. ಕೊನೆಯಲ್ಲಿ ಉಳಿಯುವುದು ಬಣ್ಣ. ಹಣವೂ ತಾಳ್ಮೆಯೂ ಮುಗಿಯುತ್ತ ಬಂದ ಹೊತ್ತಿಗೆ ಅದರ ಸರದಿ ಬರುವುದರಿಂದ ಹೆಚ್ಚಿನ ಅವಸರ ನಡೆಯುವುದೂ ಅಲ್ಲಿಯೇ. ಹಳೆಯ ಕಾರಿಗೆ ಮನೆಯಲ್ಲೇ ಪ್ರೈಮರ್ ಹೊಡೆದು ಬಣ್ಣಕ್ಕೆ ಸಿದ್ಧ ಮಾಡುವ ಆ ಕೆಲಸವೇ ಈ ಹೊತ್ತಿನ ನನ್ನ ವಿಷಯ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾರೇಜಿನಲ್ಲಿ ಯಂತ್ರಗಳಿವೆ, ಪಳಗಿದ ಕೈಗಳಿವೆ, ಆದರೆ ಸಮಯವಿಲ್ಲ. ಒಂದು ಕಾರು ಹೊರಗೆ ಹೋದರೆ ತಾನೇ ಇನ್ನೊಂದು ಒಳಗೆ ಬರುವುದು. ಮನೆಯಲ್ಲಿ ಕೆಲಸ ಮಾಡುವವರ ಬಳಿ ಇರುವುದು ಆ ಸಮಯ. ಅದನ್ನು ಹೊಳಪಿಗೆ ಖರ್ಚು ಮಾಡಬೇಡಿ, ಹೊಳಪಿನ ಕೆಳಗಿರುವುದಕ್ಕೆ ಕೊಡಿ. ಮೇಲಿನ ಬಣ್ಣ ನೋಡುವವರಿಗಾಗಿ, ಪ್ರೈಮರ್ ಕಾರಿಗಾಗಿ.

ಈ ಫಿಯಟ್ ಯಾವುದು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಇಟಲಿಯ ಫಿಯಟ್ 1100 ಮಾದರಿಯನ್ನು ನಮ್ಮಲ್ಲಿ ತಯಾರಿಸಿದ್ದು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್. 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತಿತು. ಎಂಜಿನ್ 1,089 ಸಿಸಿ, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಹೆಸರು ಎಷ್ಟು ಬದಲಾದರೂ ನಮ್ಮ ಜನ ಅದನ್ನು ಫಿಯಟ್ ಎಂದೇ ಕರೆದರು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗಳಿಗಿದ್ದ ಇಪ್ಪತ್ತು ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಅದೂ ಸೇವೆಯಿಂದ ಹೊರಬಿತ್ತು. ಉಳಿದಿರುವ ಫಿಯಟ್‌ಗಳು ಇನ್ನು ನಮ್ಮ ನಮ್ಮ ಮನೆಗಳಲ್ಲಿ ಬದುಕಬೇಕು.

ಈ ಕಾರಿನ ರಚನೆಯಲ್ಲಿ ಬಣ್ಣದ ಕೆಲಸಕ್ಕೆ ನೇರ ಸಂಬಂಧಪಟ್ಟ ಒಂದು ಅಂಶವಿದೆ. ಜೀಪು, ಲಾರಿಗಳಂತೆ ಇದಕ್ಕೆ ಬೇರೆ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗಿನ ಉದ್ದನೆಯ ಸಿಲ್, ಕಂಬಗಳು, ಮಾಡು ಎಲ್ಲ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ಹಾಗಾಗಿ ಸಿಲ್‌ಗೆ ತುಕ್ಕು ಹಿಡಿದರೆ ಕಾರು ಅಂದಗೆಡುವುದಷ್ಟೇ ಅಲ್ಲ, ಅದರ ಬಲವೇ ಹೋಗುತ್ತದೆ. ಒಂದು ಆಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಿ ನೋಡಿ. ಬಾಗಿಲ ಕೆಳಅಂಚು, ಮಡ್‌ಗಾರ್ಡಿನ ಕಮಾನು, ಹೆಡ್‌ಲೈಟಿನ ಸುತ್ತ, ಗಾಜಿನ ರಬ್ಬರಿನ ಅಂಚು, ಡಿಕ್ಕಿಯ ನೆಲ, ಬ್ಯಾಟರಿ ಕೂರುವ ಜಾಗ ಇವನ್ನು ಬಿಡಬೇಡಿ. ಆಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ದಪ್ಪ ಪುಟ್ಟಿ ಕುಳಿತಿದೆ ಎಂದು ತಿಳಿಯಿರಿ. ಅಂಥ ಜಾಗದಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ತಗಡಿನ ಈ ಟಿಂಕರಿಂಗ್ ಕೆಲಸ ಮುಗಿಯುವ ತನಕ ಪ್ರೈಮರ್ ಡಬ್ಬಿ ತೆರೆಯುವಂತಿಲ್ಲ.

ಬಣ್ಣ ಕೀಳುವ ಮೊದಲು ಮಾಡಬೇಕಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ಕಾರ್ಖಾನೆಯಿಂದ ಬಂದಾಗಿನ ಬಣ್ಣ ಯಾವುದೆಂದು ಕಂಡುಕೊಳ್ಳುವುದು. ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ಒಳಹಲಗೆಯ ಹಿಂದೆ, ಡಿಕ್ಕಿಯ ಮುಚ್ಚಳದ ಒಳಮೈಯಲ್ಲಿ ಆಮೇಲಿನ ಪೇಂಟರುಗಳ ಗನ್ನು ತಲುಪಿರುವುದಿಲ್ಲ. ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಆ ಜಾಗದ ಮೇಣ, ಕೊಳೆ ತೆಗೆದು ಬಣ್ಣ ಬೆರೆಸುವ ಅಂಗಡಿಗೆ ತೋರಿಸಿದರೆ ಅದಕ್ಕೆ ಹೊಂದಿಸಿ ಕೊಡುತ್ತಾರೆ. ಎರಡನೆಯದು ಈಗ ಮೇಲಿರುವ ಬಣ್ಣದ ಜಾತಿ ತಿಳಿಯುವುದು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಎನ್‌ಸಿ ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ, ಅಂದರೆ ನೈಟ್ರೊಸೆಲ್ಯುಲೋಸ್. ಉಬ್ಬಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಗಟ್ಟಿಗೊಳಿಸುವ ಹಾರ್ಡ್‌ನರ್ ಬೆರೆಸಿ ಹೊಡೆದ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಎನಾಮೆಲ್ ಮೇಲೆ ಎನ್‌ಸಿ ಹೊಡೆದರೆ ಕೆಳಗಿನ ಪದರ ಎದ್ದು ಬರುತ್ತದೆ. ಕಾರಿನ ಮೈಮೇಲೆ ಮೂರು ನಾಲ್ಕು ಕಾಲದ ಬಣ್ಣಗಳು ಕೂತಿದ್ದರೆ ಎಲ್ಲವನ್ನೂ ಬರಿ ತಗಡಿನವರೆಗೆ ತೆಗೆಯುವುದೇ ಕ್ಷೇಮ.

ತೆಗೆಯುವುದು ಹೇಗೆ? ಪೇಂಟ್ ರಿಮೂವರ್ ಹಚ್ಚಿ ಕೆರೆಯಬಹುದು. ಬಿಸಿಗಾಳಿಯ ಗನ್ನು ಹಿಡಿಯಬಹುದು. ಮರಳು ಹೊಡೆಸುವ ಸ್ಯಾಂಡ್ ಬ್ಲಾಸ್ಟಿಂಗನ್ನು ಸಣ್ಣ ದಪ್ಪ ಭಾಗಗಳಿಗೆ ಮಾತ್ರ ಇಟ್ಟುಕೊಳ್ಳಿ. ಬಾನೆಟ್, ಮಾಡಿನಂಥ ಅಗಲವಾದ ತೆಳು ತಗಡು ಆ ಹೊಡೆತಕ್ಕೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಮತ್ತೆ ಸರಿಯಾಗುವುದು ಕಷ್ಟ. ಹಳೆಯ ಬಣ್ಣ ಮತ್ತು ಹಳೆಯ ಪ್ರೈಮರುಗಳಲ್ಲಿ ಸೀಸ ಹಾಗೂ ಕ್ರೋಮಿಯಂ ಸಂಯುಕ್ತಗಳಿರುವ ಸಾಧ್ಯತೆ ಇದೆ. ಆದ್ದರಿಂದ ಒಣಗಿದ್ದನ್ನು ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ. ಮಕ್ಕಳು ಆಡುವ ಅಂಗಳವಾದರೆ ಇನ್ನೂ ಎಚ್ಚರ ಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ, ಆದಷ್ಟು ತೇವ ಮಾಡಿ ಕೆರೆದು, ಬಿದ್ದ ಚೂರುಗಳನ್ನು ಒಟ್ಟುಮಾಡಿ. ಗಿಡದ ಬುಡಕ್ಕೆ ಗುಡಿಸಬೇಡಿ.

ಬರಿ ತಗಡು ಬೆಳ್ಳಗೆ ಹೊಳೆಯುವಾಗ ಕೆಲಸ ಮುಗಿದಂತೆ ಕಾಣುತ್ತದೆ. ಕಾರು ಅತ್ಯಂತ ಅಸಹಾಯಕವಾಗಿರುವುದು ಆಗಲೇ. ಗಾಳಿಯ ತೇವ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಕಂದು ಬಣ್ಣದ ತೆಳು ತುಕ್ಕು ಏಳುತ್ತದೆ. ಬೆವರಿನ ಕೈ ಇಟ್ಟರೆ ಅದರ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎಬ್ಬಿಸುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಕೆಳಗೆ ಉಳಿದ ಚುಕ್ಕೆ ತುಕ್ಕು ಮೇಲಿನ ಬಣ್ಣವನ್ನು ಗುಳ್ಳೆಯಾಗಿ ಎತ್ತುವುದು ಇದರಿಂದಲೇ. ಗುಳಿಗಳಲ್ಲಿ ಕೂತ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಹಚ್ಚಿದ್ದನ್ನು ಚೆನ್ನಾಗಿ ತೊಳೆದು ಕೂಡಲೇ ಒಣಗಿಸಬೇಕು, ಉಳಿದ ಆಮ್ಲ ಮುಂದಿನ ಪದರವನ್ನು ಹಿಡಿಯಗೊಡುವುದಿಲ್ಲ. ಒಂದು ದಿನದಲ್ಲಿ ಎಷ್ಟು ಭಾಗಕ್ಕೆ ಪ್ರೈಮರ್ ಹೊಡೆಯಬಲ್ಲಿರೋ ಅಷ್ಟನ್ನು ಮಾತ್ರ ಆ ದಿನ ಬರಿದು ಮಾಡಿ. ಬೆಳಿಗ್ಗೆ ಒಂದು ಬಾಗಿಲು ಕೆರೆದರೆ ಸಂಜೆಯೊಳಗೆ ಅದಕ್ಕೆ ಪ್ರೈಮರ್ ಬಿದ್ದಿರಬೇಕು.

ಈಗ ಪ್ರೈಮರ್. ಸಾರಿಸದ ಅಂಗಳದಲ್ಲಿ ರಂಗೋಲಿ ನಿಲ್ಲುವುದಿಲ್ಲ, ಪ್ರೈಮರ್ ಇಲ್ಲದ ತಗಡಿನ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಪ್ರೈಮರ್ ಎಂದು ಕೇಳಿದರೆ ಹಲವು ಬಗೆಯ ಡಬ್ಬಿಗಳನ್ನು ಇಡುತ್ತಾರೆ, ಎಲ್ಲದರ ಕೆಲಸವೂ ಒಂದೇ ಅಲ್ಲ. ಎಚ್ ಪ್ರೈಮರ್ ತನ್ನೊಳಗಿನ ಆಮ್ಲದಿಂದ ಲೋಹವನ್ನು ಕಚ್ಚಿ ಹಿಡಿಯುತ್ತದೆ, ಪದರ ಬಹಳ ತೆಳು. ಎಪಾಕ್ಸಿ ಪ್ರೈಮರ್ ಎರಡು ಡಬ್ಬಿಗಳಲ್ಲಿ ಬರುತ್ತದೆ. ಬೆರೆಸಿದ ಮೇಲೆ ರಾಸಾಯನಿಕವಾಗಿ ಗಟ್ಟಿಯಾಗಿ ನೀರನ್ನು ತಡೆಯುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎಚ್ ಪ್ರೈಮರಿನ ಮೇಲೆ ಎಪಾಕ್ಸಿ ಹೊಡೆಯಬಾರದೆಂದು ಹಲವು ತಯಾರಕರೇ ಹೇಳುತ್ತಾರೆ. ಮೂರನೆಯದು ಸರ್ಫೇಸರ್. ಉಜ್ಜಿ ಮಟ್ಟಸ ಮಾಡಲೆಂದೇ ಇರುವ ದಪ್ಪ ಪ್ರೈಮರ್ ಇದು. ತಿಂಗಳುಗಟ್ಟಲೆ ನಡೆಯುವ ಮನೆಯ ಕೆಲಸಕ್ಕೆ ನನ್ನ ಆಯ್ಕೆ ಎಪಾಕ್ಸಿ. ವಾರಾಂತ್ಯಕ್ಕೊಮ್ಮೆ ಒಂದೊಂದು ಭಾಗ ಮುಗಿಸುವವರ ತಗಡನ್ನು ಅದು ಕಾಪಾಡುತ್ತದೆ. ಸಿಲ್‌ನ ಮೂಲೆ, ನೆಲದ ತಳಭಾಗಗಳಿಗೆ ಅದನ್ನು ಬ್ರಶ್ಶಿನಿಂದಲೂ ಹಚ್ಚಬಹುದು.

ನೀರು ತಡೆಯುವ ಗುಣ ಸರ್ಫೇಸರ್‌ಗೆ ಇಲ್ಲ. ಅದರಲ್ಲಿ ಉಜ್ಜಲು ಸುಲಭವಾದ ಪುಡಿಗಳು ತುಂಬಿರುವುದರಿಂದ ತೇವ ಹೀರಿಕೊಳ್ಳುತ್ತದೆ. ಬೂದು ಬಣ್ಣದ ಈ ಪ್ರೈಮರಿನಲ್ಲಿಯೇ ಕಾರನ್ನು ಒಂದು ಮಳೆಗಾಲ ಹೊರಗೆ ನಿಲ್ಲಿಸಿದರೆ ನೀರು ಪದರದ ಮೂಲಕ ತಗಡನ್ನು ಮುಟ್ಟುತ್ತದೆ. ಹಣ ಕೂಡಿದ ಮೇಲೆ ಬಣ್ಣ ಹೊಡೆಸೋಣವೆಂದು ಸರ್ಫೇಸರ್ ಮಟ್ಟದಲ್ಲಿ ನಿಲ್ಲಿಸಿದ ಎಷ್ಟೋ ಕಾರುಗಳು ಒಳಗೊಳಗೇ ತುಕ್ಕು ಹಿಡಿದು ಮೊದಲಿನಿಂದ ಕೆಲಸ ಕೇಳುತ್ತವೆ. ಕೆಲಸ ನಿಲ್ಲಿಸಲೇಬೇಕಾದರೆ ಎಪಾಕ್ಸಿ ಹಂತದಲ್ಲಿ, ನೆರಳಿನಲ್ಲಿ ನಿಲ್ಲಿಸಿ. ಮತ್ತೆ ಶುರುಮಾಡುವಾಗ ಡಬ್ಬಿಯ ಜೊತೆ ಬರುವ ತಾಂತ್ರಿಕ ಚೀಟಿ ನೋಡಿ. ಮುಂದಿನ ಕೋಟ್‌ಗೆ ಅದರಲ್ಲಿ ಹೇಳಿದ ಅವಧಿ ಮೀರಿದ್ದರೆ ಮೇಲ್ಮೈಯನ್ನು ಉಜ್ಜಿ ಒರಟು ಮಾಡಿಕೊಂಡೇ ಮುಂದುವರಿಯಿರಿ.

ಪುಟ್ಟಿಯ ಬಗ್ಗೆ ನಮ್ಮಲ್ಲಿ ಎರಡು ಅತಿಗಳಿವೆ. ಕೆಲವರು ಮುಷ್ಟಿ ಗಾತ್ರದ ಗುಂಡಿಯನ್ನೂ ಅದರಿಂದ ಮುಚ್ಚುತ್ತಾರೆ, ಕೆಲವರು ಪುಟ್ಟಿ ಎಂದರೆ ಮೋಸ ಎನ್ನುತ್ತಾರೆ. ಡೆಂಟನ್ನು ಸುತ್ತಿಗೆಯಲ್ಲಿ ತಟ್ಟಿ ಎತ್ತಿದ ಮೇಲೆ ಉಳಿಯುವ ಸಣ್ಣ ತಗ್ಗನ್ನು ತುಂಬುವುದು ಪುಟ್ಟಿಯ ಕೆಲಸ. ಪದರ ಮೂರು ಮಿಲಿಮೀಟರ್ ಮೀರದಿದ್ದರೆ ಅದು ಬಹುಕಾಲ ಬಾಳುತ್ತದೆ. ಹಾರ್ಡ್‌ನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿಯನ್ನು ಎಪಾಕ್ಸಿ ಪ್ರೈಮರಿನ ಮೇಲೆ ಹಾಕಿದರೆ ಅದರ ಕೆಳಗಿನ ತಗಡು ಸುರಕ್ಷಿತ. ಎಚ್ ಪ್ರೈಮರಿನ ಮೇಲೆ ಹಾಕಿದರೆ ಆಮ್ಲದಿಂದಾಗಿ ಪುಟ್ಟಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಪುಟ್ಟಿಯೂ ನೀರು ಕುಡಿಯುತ್ತದೆ, ಆದ್ದರಿಂದ ಅದನ್ನು 80, 120, 180 ನಂಬರಿನ ಕಾಗದಗಳಲ್ಲಿ ಒಣದಾಗಿಯೇ ಉಜ್ಜಬೇಕು. ವಾಟರ್ ಪೇಪರ್ ಮತ್ತು ಬಕೆಟ್ ನೀರು ಆಮೇಲಿನ ಹಂತಕ್ಕೆ.

ಸರ್ಫೇಸರ್ ಹೊಡೆದು ಒಣಗಿದ ಮೇಲೆ ಅದರ ಮೇಲೆ ಬೇರೆ ಬಣ್ಣದ ಒಂದು ತೆಳು ಹನಿಪದರ ಚಿಮುಕಿಸಿ. ಬೂದು ಪ್ರೈಮರ್ ಮೇಲೆ ಕಪ್ಪು ಆದೀತು. ಇದಕ್ಕೆ ಗೈಡ್ ಕೋಟ್ ಎನ್ನುತ್ತಾರೆ. ಕಾಗದವನ್ನು ಬರಿಗೈಯಲ್ಲಿ ಹಿಡಿಯದೆ ಉದ್ದನೆಯ ಮಟ್ಟ ಹಲಗೆಗೆ ಸುತ್ತಿ, ಓರೆಯಾಗಿ ಅಡ್ಡಡ್ಡ ಎಳೆಯುತ್ತ ಉಜ್ಜಿ. ಉಬ್ಬಿದ ಕಡೆ ಕಪ್ಪು ಬೇಗ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಅದು ತೋರಿಸಿಕೊಡುತ್ತದೆ. ಉಳಿದ ತಗ್ಗಿಗೆ ಮತ್ತೆ ಪ್ರೈಮರ್, ಮತ್ತೆ ಗೈಡ್ ಕೋಟ್, ಮತ್ತೆ ಉಜ್ಜುವುದು. 320ರಿಂದ ಶುರುವಾಗಿ 400, ಕೊನೆಗೆ 600 ನಂಬರಿನ ವಾಟರ್ ಪೇಪರ್. ಫಿಯಟ್‌ನ ಪಕ್ಕಗಳಲ್ಲಿ ಹೆಡ್‌ಲೈಟಿನಿಂದ ಹಿಂದಿನವರೆಗೆ ಓಡುವ ಗೆರೆಗಳಿವೆ. ಅವನ್ನು ಉಜ್ಜಿ ಅಳಿಸಿಬಿಟ್ಟರೆ ಯಾವ ಬಣ್ಣವೂ ಆ ರೂಪವನ್ನು ಮರಳಿ ಕೊಡಲಾರದು. ಗೆರೆಯ ಎರಡೂ ಪಕ್ಕಕ್ಕೆ ಟೇಪು ಹಚ್ಚಿ, ಒಂದೊಂದೇ ಪಕ್ಕ ಉಜ್ಜಬೇಕು. ಗ್ಯಾರೇಜಿನ ಗಡಿಯಾರಕ್ಕೆ ಒಗ್ಗದ ಕೆಲಸವೆಂದರೆ ಇದು. ಮನೆಯವರ ಕೈಯಲ್ಲಿ ಮಾತ್ರ ಇದು ಸರಿಯಾಗಿ ಆಗುತ್ತದೆ.

ಬಣ್ಣದ ಆಯ್ಕೆಗೆ ಬರುವ ಮುನ್ನ ಸ್ವಲ್ಪ ಚರಿತ್ರೆ. ಮೊದಲ ಕಾಲದ ಕಾರುಗಳಿಗೆ ಬ್ರಶ್ಶಿನಿಂದ ವಾರ್ನಿಶ್ ಹಚ್ಚುತ್ತಿದ್ದರು, ಪದರ ಪದರ ಒಣಗಲು ವಾರಗಳೇ ಹಿಡಿಯುತ್ತಿದ್ದವು. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬಂತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಬೇಗ ಒಣಗುವ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಡ್ಯೂಕೊ ಎಂಬ ಹೆಸರಿನಲ್ಲಿ ತಂದಿತು. ಜನರಲ್ ಮೋಟರ್ಸ್ ಅದನ್ನು 1924ರ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿಯಲ್ಲಿ ಹೊಡೆಯಿತು, ಬಣ್ಣ ಬಣ್ಣದ ಕಾರುಗಳ ಯುಗ ಶುರುವಾಯಿತು. ನಮ್ಮ ಪೇಂಟರುಗಳು ಇಂದಿಗೂ ಮರದ ಬೀರುವಿಗೆ ಗನ್ನಿನಲ್ಲಿ ಬಣ್ಣ ಹೊಡೆಯುವುದನ್ನು ಡ್ಯೂಕೊ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಮೂಲೆ ಮೂಲೆಗೂ ಪದರ ಕೂರಿಸುವ ವಿಧಾನ ಕಾರ್ಖಾನೆಗಳಿಗೆ ಬಂತು. ಇಂದಿನ ಕಾರು ತುಕ್ಕಿಗೆ ಸುಲಭವಾಗಿ ಬಗ್ಗದಿರಲು ದೊಡ್ಡ ಕಾರಣ ಆ ತೊಟ್ಟಿ.

ಹಳೆಯ ಫಿಯಟ್‌ಗೆ ಇಂದು ಮೂರು ದಾರಿಗಳಿವೆ. ಎನ್‌ಸಿ ಬೇಗ ಒಣಗುತ್ತದೆ, ತಪ್ಪಾದರೆ ಉಜ್ಜಿ ತಿದ್ದುವುದು ಸುಲಭ, ಹಳೆಯ ಕಾಲದ ಮೃದು ಹೊಳಪು ಕೊಡುತ್ತದೆ. ಆದರೆ ಬಿಸಿಲಿಗೆ ಬೇಗ ಮಂಕಾಗುತ್ತದೆ, ಪೆಟ್ರೋಲ್ ಚೆಲ್ಲಿದರೆ ಕಲೆಯಾಗುತ್ತದೆ. ಸಿಂಥೆಟಿಕ್ ಎನಾಮೆಲ್ ಅಗ್ಗ, ಒಣಗುವುದು ನಿಧಾನ, ಅಷ್ಟರಲ್ಲಿ ಧೂಳು ಕೂರುತ್ತದೆ. ಹಾರ್ಡ್‌ನರ್ ಬೆರೆಸುವ ಪಿಯು ಬಣ್ಣ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಅಪಾಯಕಾರಿಯೂ ಹೌದು. ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತಿದೆ. ಆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿವೆ. ಗನ್ನಿನಿಂದ ಹೊರಟ ಮಂಜಿನಲ್ಲಿ ಅವು ಶ್ವಾಸಕೋಶ ಸೇರಿದರೆ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಮುಂದೆ ಅತಿ ಸ್ವಲ್ಪವೂ ಉಸಿರು ಕಟ್ಟಿಸಬಲ್ಲದು. ವಾಸನೆಯಿಂದ ಅದರ ಇರವು ತಿಳಿಯುವುದಿಲ್ಲ. ಕರವಸ್ತ್ರ ಕಟ್ಟಿಕೊಳ್ಳುವುದು ರಕ್ಷಣೆಯೇ ಅಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಮುಖಕ್ಕೆ ಒದಗಿಸುವ ಮಾಸ್ಕ್ ಬೇಕು. ಎರಡು ಡಬ್ಬಿಯ ಪಿಯು ಸರ್ಫೇಸರಿಗೂ ಇದೇ ಮಾತು ಅನ್ವಯ. ಎಪಾಕ್ಸಿ ಪ್ರೈಮರಿನ ಹಾರ್ಡ್‌ನರಿನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುವುದಿಲ್ಲ, ಆದರೂ ಡಬ್ಬಿಯ ಚೀಟಿ ಓದಿ ಖಚಿತ ಮಾಡಿಕೊಳ್ಳಿ. ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ಕೈಗವಸು ಅದಕ್ಕೂ ಬೇಕೇ ಬೇಕು.

ಮನೆಯಲ್ಲಿ ಬೆಂಕಿಯ ಭಯವೂ ಇದೆ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಳಮನೆಗೆ ಹೋಗುತ್ತದೆ. ಗ್ಯಾಸ್ ಒಲೆ, ಗ್ಯಾಸ್ ಗೀಸರ್, ದೇವರ ಮನೆಯ ದೀಪ, ಸಾಮಾನ್ಯ ಫ್ಯಾನಿನ ಸ್ವಿಚ್ಚಿನ ಕಿಡಿ ಯಾವುದೂ ಹತ್ತಿರ ಇರಬಾರದು. ಗೋಡೆಗೆ ಗೋಡೆ ತಾಗಿದ ನಗರದ ಸೈಟುಗಳಲ್ಲಿ ಪಕ್ಕದ ಮನೆಯ ಹಿರಿಯರು, ಮಕ್ಕಳು ಉಸಿರಾಡುವುದು ನಮ್ಮ ಮಂಜನ್ನೇ. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ತಗಡು, ಎಪಾಕ್ಸಿ, ಪುಟ್ಟಿ, ಉಜ್ಜುವ ಕೆಲಸವನ್ನೆಲ್ಲ ಮನೆಯಲ್ಲಿ ಮಾಡಿ. ಪಿಯು ಸರ್ಫೇಸರ್ ಮತ್ತು ಕೊನೆಯ ಬಣ್ಣಕ್ಕೆ ಗಾಳಿ ಒದಗಿಸುವ ಮಾಸ್ಕ್ ಹಾಗೂ ಬಯಲಿನಂಥ ಜಾಗ ಇಲ್ಲದವರು ಪೇಂಟ್ ಬೂತ್ ಇರುವ ಕಡೆಗೆ ಕಾರನ್ನು ಒಯ್ಯಿರಿ. ಇದರಿಂದ ನಿಮ್ಮ ಶ್ರಮದ ಗೌರವ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಹವಾಮಾನವನ್ನೂ ನೋಡಬೇಕು. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಗನ್ನು ಮುಟ್ಟದಿರುವುದೇ ಲೇಸು. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಎನ್‌ಸಿ ಬಣ್ಣ ಹಾಲು ಚೆಲ್ಲಿದಂತೆ ಬಿಳಚುತ್ತದೆ. ಗಾಳಿಯ ತೇವಾಂಶ ಶೇ. 85 ಮೀರಿದ ದಿನ ಬಣ್ಣ ಬೇಡ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಬೇರೆ. ಹನಿ ತಗಡು ಮುಟ್ಟುವ ಮೊದಲೇ ಅರ್ಧ ಒಣಗಿ ಮೇಲ್ಮೈ ಪುಡಿಪುಡಿಯಾಗುತ್ತದೆ, ಅಲ್ಲಿ ನಿಧಾನವಾಗಿ ಆರುವ ಥಿನ್ನರ್ ಬೇಕು. ಬೆಂಗಳೂರು, ಮೈಸೂರಿನ ಕಡೆ ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ, ದೀಪ ಹಚ್ಚಿ ಹುಳುಗಳನ್ನು ಕರೆಯುವ ಹೊತ್ತಿಗಿಂತ ಮೊದಲೇ ಮುಗಿಸಿ.

ಗನ್ನು ಹಿಡಿಯುವ ಕ್ರಮ ಚಿಕ್ಕದು, ಅಭ್ಯಾಸ ದೊಡ್ಡದು. ಕಂಪ್ರೆಸರಿನ ಗಾಳಿಯಲ್ಲಿ ನೀರಿರುತ್ತದೆ, ಕೊಳವೆಗೆ ನೀರು ಹಿಡಿಯುವ ಫಿಲ್ಟರ್ ಹಾಕಿ. ಪ್ರೈಮರಿಗೆ 1.7 ಮಿಲಿಮೀಟರ್ ಆಸುಪಾಸಿನ ಮೂತಿ, ಬಣ್ಣಕ್ಕೆ 1.3 ಅಥವಾ 1.4. ತಗಡಿನಿಂದ 15ರಿಂದ 20 ಸೆಂಟಿಮೀಟರ್ ದೂರ. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸಮಾಂತರವಾಗಿ ಸರಿಸಬೇಕು. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಕೋಟ್ ಕೋಟ್‌ಗಳ ನಡುವೆ ಹತ್ತು ಹದಿನೈದು ನಿಮಿಷ ಬಿಡಿ, ಒಳಗಿನ ಥಿನ್ನರ್ ಹೊರಹೋಗಲಿ. ಹಳೆಯ ಪಾಲಿಶಿನ ಸಿಲಿಕೋನ್ ತಗಡಿನ ಮೇಲೆ ಉಳಿದಿದ್ದರೆ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಅದಕ್ಕೇ ಪ್ರತಿ ಹಂತದಲ್ಲೂ ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸಬೇಕು, ಕೊನೆಗೆ ಅಂಟುಬಟ್ಟೆಯಿಂದ ಧೂಳು ತೆಗೆಯಬೇಕು. ಒಂದು ಹಳೆಯ ಬಾಗಿಲನ್ನೋ ತಗಡಿನ ಹಾಳೆಯನ್ನೋ ನೆಟ್ಟಗೆ ನಿಲ್ಲಿಸಿ, ಬಣ್ಣ ಇಳಿಯದಂತೆ ಹೊಡೆಯಲು ಕೈ ಪಳಗಿದ ಮೇಲೆಯೇ ಕಾರಿನ ಬಳಿ ಹೋಗಿ.

ಬಣ್ಣ ಮುಗಿದ ಮೇಲೆ ಜನ ಮರೆಯುವ ಒಂದು ಕೆಲಸ ಉಳಿದಿರುತ್ತದೆ. ಮನೆಯಲ್ಲಿ ಪ್ರೈಮರ್ ತೊಟ್ಟಿ ಇಲ್ಲವಾದ್ದರಿಂದ ಸಿಲ್, ಬಾಗಿಲು, ಕಂಬಗಳ ಒಳಮೈಗೆ ನಮ್ಮ ಗನ್ನು ತಲುಪಿರುವುದಿಲ್ಲ. ಆ ಪೊಳ್ಳುಗಳಿಗೆ ಉದ್ದ ಕೊಳವೆಯಿಂದ ಮೇಣ ಬೆರೆತ ತುಕ್ಕುನಿರೋಧಕ ದ್ರವ ಚಿಮ್ಮಿಸಿ. ಬಾಗಿಲು ಮತ್ತು ಸಿಲ್‌ಗಳ ತಳದಲ್ಲಿರುವ ನೀರು ಇಳಿಯುವ ತೂತುಗಳು ಪುಟ್ಟಿ, ಬಣ್ಣದಿಂದ ಮುಚ್ಚಿಹೋಗಿದ್ದರೆ ಬಿಡಿಸಿ. ಆ ತೂತು ಮುಚ್ಚಿದ ಕಾರು ಒಳಗಿನಿಂದಲೇ ಕೊಳೆಯುತ್ತದೆ.

ಕಾನೂನಿನ ಎರಡು ಮಾತು. ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬದಲಾಯಿಸಿದರೆ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೊಸ ಬಣ್ಣ ನಮೂದಿಸಿಕೊಳ್ಳಬೇಕು. ಕೇಂದ್ರ ಸರಕಾರ 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ಕಾರನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. 1964ರಿಂದ ಎಪ್ಪತ್ತರ ದಶಕದ ಆರಂಭದವರೆಗಿನ ಫಿಯಟ್‌ಗಳು ಈಗಾಗಲೇ ಆ ವಯಸ್ಸು ಮುಟ್ಟಿವೆ. ಮೂಲ ಬಣ್ಣ ಹುಡುಕಿ ಅದನ್ನೇ ಹೊಡೆಯಲು ಇದೂ ಒಂದು ಕಾರಣ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಿ ಬನ್ನಿ. ಆಯಾ ಕಾಲದ ಬಣ್ಣ ಆಯಾ ಕಾರಿಗೆ ಎಷ್ಟು ಒಪ್ಪುತ್ತದೆ ಎಂಬುದು ಅಲ್ಲಿ ಮನಸ್ಸಿಗೆ ನಾಟುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಕಾರಿನ ಮೂಲ ಬಣ್ಣ ಹೆಚ್ಚಿನಂಶ ಉಳಿದಿದ್ದರೆ, ಮಾಸಿದ್ದರೂ ಸರಿ, ಅದನ್ನು ಕಿತ್ತು ಹಾಕಬೇಡಿ. ತೊಳೆದು, ಪಾಲಿಶ್ ಮಾಡಿ ಉಳಿಸಿಕೊಳ್ಳಿ. ಉಳಿಸಲಾಗದೆ ಹೊಸ ಬಣ್ಣ ಹೊಡೆಯುವುದೇ ಆದರೆ ಪ್ರತಿ ಹಂತದ ಫೋಟೊ ತೆಗೆದಿಡಿ. ಯಾವ ಪ್ರೈಮರ್, ಯಾವ ಬಣ್ಣದ ನಂಬರ್, ಯಾವ ದಿನ ಹೊಡೆದದ್ದು ಎಂದು ಒಂದು ಪುಸ್ತಕದಲ್ಲಿ ಬರೆದು ಆರ್‌ಸಿಯ ಜೊತೆ ಇಡಿ. ಮುಂದೆ ಆ ಕಾರನ್ನು ನೋಡಿಕೊಳ್ಳುವವರಿಗೆ ಕೆಳಗಿನ ಪದರಗಳು ಕಾಣುವುದಿಲ್ಲ, ನಿಮ್ಮ ಬರಹವೊಂದೇ ಅವರಿಗೆ ದಾರಿ ತೋರಿಸಬೇಕು. ಅವಸರ ಮಾಡದೆ, ನಿಮ್ಮ ಉಸಿರನ್ನೂ ನೆರೆಯವರ ಉಸಿರನ್ನೂ ಕಾಪಾಡಿಕೊಂಡು ಕೆಲಸ ಮುಗಿಸಿ.